ಕೊಲಾಯ್ಡಲ್ ಸಿಲ್ವರ್: ಕುಡಿಯುವ ಮುಂಚೆ ಇಷ್ಟು ನೋಡಿ

ಕೊಲಾಯ್ಡಲ್ ಸಿಲ್ವರ್ ಅಂದ್ರೆ ನೀರಿನಲ್ಲಿ ತೇಲುವ ಬೆಳ್ಳಿಯ ಅತಿ ಸಣ್ಣ ಕಣಗಳು, ಅಷ್ಟೇ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನೋದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಡಾಕ್ಟರು ಬರೆದುಕೊಡುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನಲ್ಲೂ ಬೆಳ್ಳಿ ಇದೆ. ಆದರೆ ಗಾಯಕ್ಕೆ ಹಚ್ಚುವುದೇ ಬೇರೆ, ಹೊಟ್ಟೆಗೆ ಇಳಿಸುವುದೇ ಬೇರೆ. ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇಂಥ ಔಷಧಿಗಳನ್ನು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ.

ಮೊದಲು ಲೇಬಲ್‌ನಲ್ಲಿ ಪಿಪಿಎಂ ಎಷ್ಟಿದೆ ನೋಡಿ. 250 ಪಿಪಿಎಂ ಅಂದ್ರೆ ಲೀಟರಿಗೆ 250 ಮಿಲಿಗ್ರಾಂ ಬೆಳ್ಳಿ, ಅಂದರೆ 5 ಎಂಎಲ್ ಚಮಚದಲ್ಲಿ 1.25 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಲೆಕ್ಕದಲ್ಲಿ 60 ಕೆಜಿ ತೂಕದವರಿಗೆ ದಿನಕ್ಕೆ 0.3 ಮಿಲಿಗ್ರಾಂ ಮಿತಿ. ಒಂದೇ ಚಮಚಕ್ಕೆ ನಾಲ್ಕು ಪಟ್ಟು ಜಾಸ್ತಿ ಆಯ್ತು, ಅಲ್ವಾ? ಮನೆಯಲ್ಲೇ ಮಷಿನ್ ಇಟ್ಟು ತಯಾರಿಸಿದ್ದರಲ್ಲಂತೂ ಎಷ್ಟಿದೆ ಅಂತ ಯಾರಿಗೂ ಗೊತ್ತಿರಲ್ಲ.

ಹೀಗೆ ಸೇರಿದ ಬೆಳ್ಳಿ ಚರ್ಮದಲ್ಲಿ ಕೂತು, ಬಿಸಿಲು ಬಿದ್ದ ಕಡೆ ಹೆಚ್ಚಾಗಿ, ಮೈ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಆರ್ಜೀರಿಯಾ ಅಂತಾರೆ. ಕುಡಿಯೋದು ಬಿಟ್ಟರೂ ಸಾಮಾನ್ಯವಾಗಿ ಹೋಗಲ್ಲ.

ಥೈರಾಯ್ಡ್ ಮಾತ್ರೆ ಅಥವಾ ಕೆಲವು ಆ್ಯಂಟಿಬಯೋಟಿಕ್ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು, ಅವು ಮೈಗೆ ಹತ್ತುವುದನ್ನು ಬೆಳ್ಳಿ ತಡೆಯಬಹುದು. ಬಸುರಿಯರಿಗೆ, ಮಕ್ಕಳಿಗೆ ಕೊಡಲೇಬೇಡಿ.

ಈಗಾಗಲೇ ಕುಡಿಯುತ್ತಿದ್ದರೆ ನಿಲ್ಲಿಸಿ. ವಸಡು, ಉಗುರಿನ ಬುಡ ಬೂದು ಬಣ್ಣಕ್ಕೆ ತಿರುಗಿದ್ದರೆ ಬಾಟಲಿ ಸಮೇತ ಡಾಕ್ಟರ ಹತ್ತಿರ ಹೋಗಿ.