ಬಾಲದ ತುದಿ ನೋಡಿ ಕೈ ತೆಗೆಯೋದು ಕಲಿತೆ

ನಮ್ಮ ಬೆಕ್ಕು ಬೆಳ್ಳಿ ಮನೆಗೆ ಬಂದಾಗ ಅದಕ್ಕೆ 6 ತಿಂಗಳು. ಮೊದಲ ವಾರವೇ ನನ್ನ ಎಡಗೈ ತುಂಬ ಗೀರು. ತೊಡೆ ಮೇಲೆ ಮಲಗಿ ಗುರುಗುಟ್ಟುತ್ತಾ ಇರುತ್ತಿತ್ತು. ಬೆನ್ನು ಸವರುತ್ತಿದ್ದರೆ ಇದ್ದಕ್ಕಿದ್ದ ಹಾಗೆ ತಿರುಗಿ ಕಚ್ಚಿಬಿಡುತ್ತಿತ್ತು. "ಬೆಕ್ಕಿನ ಬುದ್ಧಿಯೇ ಅಷ್ಟು, ನಂಬಬಾರದು" ಅಂದರು ಅತ್ತೆ. ನನಗೆ ಒಪ್ಪಿಗೆಯಾಗಲಿಲ್ಲ. ಏನೋ ಕಾರಣ ಇರಲೇಬೇಕಲ್ವಾ?

ಒಂದು ಸಂಜೆ ಅದರ ಮುಖ ಬಿಟ್ಟು ಬಾಲವನ್ನೇ ನೋಡುತ್ತಾ ಸವರಿದೆ. ಮೊದಲು ಬಾಲ ನನ್ನ ಮೊಣಕಾಲ ಮೇಲೆ ಸುಮ್ನೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ತುದಿ ಮಾತ್ರ, ಒಂದು ಬೆರಳಿನಷ್ಟು, ಚಟಕ್ಕನೆ ಎದ್ದು ಬಿತ್ತು. ನಾನು ಸವರುತ್ತಲೇ ಇದ್ದೆ. ಆ ಕುಣಿತ ಅರ್ಧ ಬಾಲಕ್ಕೆ ಏರಿತು. ಆಮೇಲೆ ಇಡೀ ಬಾಲ ತೊಡೆಗೆ ಪಟಪಟ ಬಡಿಯಿತು, ಬೆನ್ನಿನ ಚರ್ಮ ಅದುರಿತು, ಕಿವಿ ಹಿಂದಕ್ಕೆ ಹೋಯಿತು. ಕೈ ತೆಗೆದೆ. ಕಚ್ಚಲಿಲ್ಲ! ಪಾಪ, ಅಷ್ಟು ಹೊತ್ತಿನಿಂದ "ಸಾಕು, ಸಾಕು" ಅನ್ನುತ್ತಲೇ ಇತ್ತು.

ಅವತ್ತಿನಿಂದ ತುದಿ ಆಡಿದ ಕೂಡಲೇ ನಿಲ್ಲಿಸುತ್ತೇನೆ. ಬಾಲದ ಬುಡದ ಹತ್ತಿರ ಸವರುವುದನ್ನೂ ಬಿಟ್ಟೆ. ಬೆಳ್ಳಿಗೆ ಕೆನ್ನೆ ಮತ್ತು ಗದ್ದದ ಕೆಳಗೆ ಕೆರೆದರೆ ಜಾಸ್ತಿ ಇಷ್ಟ.

ಆದರೆ ತುದಿ ಆಡಿದಾಗೆಲ್ಲ ಸಿಟ್ಟು ಅಂತಲ್ಲ. ಕಿಟಕಿಯಾಚೆ ಪಾರಿವಾಳ ಕೂತರೂ ಆಡುತ್ತದೆ. ಆಗ ಮೈ ನೆಲಕ್ಕೆ ಅಂಟಿರುತ್ತದೆ, ಕಣ್ಣು ಹಕ್ಕಿಯನ್ನು ಬಿಟ್ಟು ಕದಲುವುದಿಲ್ಲ. ಅದು ಬೇಟೆಯ ಗಮನ. ಹಾಗಾಗಿ ಬಾಲದ ಜೊತೆ ಕಿವಿ, ಕಣ್ಣು, ಮೈ ಎಲ್ಲವನ್ನೂ ನೋಡಬೇಕು.

ನನಗೆ ತುಂಬಾ ಖುಷಿ ಕೊಡುವುದು ಸಂಜೆ ಗೇಟು ತೆಗೆದಾಗ ಕಾಣುವ ಬಾಲ. ನೆಟ್ಟಗೆ ನಿಂತಿರುತ್ತದೆ, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಮರಿಗಳು ತಾಯಿಯ ಹತ್ತಿರ ಓಡುವಾಗಲೂ ಬಾಲ ಹೀಗೇ ಎತ್ತುತ್ತವೆ. ಕೆಲವು ದಿನ ಬಾಲ ಬುಡದಿಂದ ಸಣ್ಣಗೆ ನಡುಗುವುದೂ ಉಂಟು.

ಕಳೆದ ದೀಪಾವಳಿಗೆ ಪಟಾಕಿ ಸದ್ದಿಗೆ ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತೆ ಊದಿಕೊಂಡಿತು. ಹೆದರಿದಾಗ ಕೂದಲ ಬುಡದ ಪುಟ್ಟ ಸ್ನಾಯುಗಳು ಬಿಗಿದು ಕೂದಲು ಎದ್ದು ನಿಲ್ಲುತ್ತವೆ. ಎತ್ತಿಕೊಂಡು ಸಮಾಧಾನ ಮಾಡಲು ಹೋಗಲಿಲ್ಲ. ಮಂಚದ ಕೆಳಗೆ ಹಳೇ ಸೀರೆ ಹಾಸಿ, ಕಿಟಕಿ ಮುಚ್ಚಿ ಬಿಟ್ಟೆ. ರಾತ್ರಿ 11ಕ್ಕೆ ತಾನೇ ಹೊರಬಂತು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಕ್ಕನ ಮಗ, 5 ವರ್ಷದವನು, ಒಮ್ಮೆ ಬೆಳ್ಳಿಯ ಬಾಲ ಹಿಡಿದೆಳೆದ. ಬಾಲದಲ್ಲಿ 20ರ ಆಸುಪಾಸು ಪುಟ್ಟ ಮೂಳೆಗಳಿವೆ. ಜೋರಾಗಿ ಎಳೆದರೆ ಬುಡದ ಹತ್ತಿರದ ನರಗಳಿಗೆ ಪೆಟ್ಟಾಗಿ ಮೂತ್ರದ ಹಿಡಿತವೇ ತಪ್ಪಬಹುದು. ಅವನನ್ನು ಬೈಯದೆ ಪಕ್ಕದಲ್ಲಿ ಕೂರಿಸಿಕೊಂಡು ತುದಿ ತೋರಿಸಿದೆ. ಹೋದ ಭಾನುವಾರ ಬೆಳ್ಳಿಯನ್ನು ಸವರುತ್ತಿದ್ದವನು ತಟ್ಟನೆ ಎರಡೂ ಕೈ ಮೇಲೆತ್ತಿದ.

"ಚಿಕ್ಕಮ್ಮಾ, ತುದಿ ಆಡ್ತಿದೆ."