ಒಂದು ಕರಿಬೇವು ಒಗ್ಗರಣೆಗೆ, ಇನ್ನೊಂದು ಹುಳಕ್ಕೆ

ಚಿಟ್ಟೆ ಬರಲಿ ಅಂತ ಎಲ್ಲರೂ ಹೂವಿನ ಗಿಡ ಹಾಕುತ್ತಾರೆ. ಚಿಟ್ಟೆ ಬರುತ್ತದೆ, ಮಕರಂದ ಹೀರಿ ಹೋಗುತ್ತದೆ. ಅದು ನಮ್ಮಲ್ಲೇ ಮೊಟ್ಟೆ ಇಡಬೇಕು ಅಂದ್ರೆ ಹುಳಕ್ಕೆ ತಿನ್ನಲು ಎಲೆ ಬೇಕು, ಅದೂ ಸಿಕ್ಕಿದ ಎಲೆಯಲ್ಲ, ಆಯಾ ಜಾತಿಗೆ ಒಗ್ಗುವ ಎಲೆಯೇ ಆಗಬೇಕು.

ಮೈಸೂರಿನಲ್ಲಿ ನಮ್ಮದು 30×40 ಸೈಟು. ಮನೆ ಕಟ್ಟಿ ಉಳಿದದ್ದು ಕಾಂಪೌಂಡ್ ಪಕ್ಕದ ಒಂದು ಪಟ್ಟಿ ಜಾಗ, ಅಷ್ಟೇ. ಅಲ್ಲಿ ಇನ್ನೊಂದು ಕರಿಬೇವು ನೆಟ್ಟೆ. ಅಡುಗೆಯ ಗಿಡದಲ್ಲಿ ಹುಳ ಕಂಡರೆ ಎಲೆ ಸಮೇತ ಕಿತ್ತು ಈ ಗಿಡದ ಮೇಲಿಡುತ್ತೇನೆ, ಅದೇ ಹತ್ತಿಕೊಳ್ಳುತ್ತದೆ. ನಮ್ಮತ್ತೆಗೂ ತಕರಾರಿಲ್ಲ.

ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ ಇದರ ಎಳೆ ಎಲೆಗೆ ತಿಳಿ ಹಳದಿ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಮರಿಹುಳ ಮೊದಮೊದಲು ಥೇಟ್ ಹಕ್ಕಿ ಹಿಕ್ಕೆ, ಗೊತ್ತಿಲ್ಲದವರು ಒರೆಸಿಯೇ ಬಿಡ್ತಾರೆ. ಬೆಳೆದ ಮೇಲೆ ಹಸಿರಾಗುತ್ತದೆ. ಸುಮ್ನೆ ಒಂದು ಕಡ್ಡಿಯಿಂದ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕೆಂಪು ಕೋಡಿನಂಥದ್ದು ಚಿಮ್ಮುತ್ತದೆ, ಜೊತೆಗೆ ಒಂಥರಾ ಘಾಟು ವಾಸನೆ, ಇರುವೆಯಂಥವನ್ನು ಓಡಿಸೋಕೆ. ಸಿಂಪಿಗ ಹಕ್ಕಿ ಮಾತ್ರ ಇದಕ್ಕೆಲ್ಲ ಕ್ಯಾರೇ ಅನ್ನಲ್ಲ. ಅರ್ಧಕ್ಕರ್ಧ ಹುಳ ಅದರ ಪಾಲು, ನಾನು ಬಲೆ ಗಿಲೆ ಕಟ್ಟಿಲ್ಲ. ಅದಕ್ಕೂ ಮರಿಗಳಿರ್ತವೆ ಅಲ್ವಾ?

ನಿಂಬೆ ಗಿಡ ಇದ್ದವರಿಗೆ ಇದೇ ಚಿಟ್ಟೆಗಳು ಅಲ್ಲೂ ಸಿಗುತ್ತವೆ. ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಬೇಕಿದ್ದರೆ ಎಕ್ಕ ಹಾಕಿ. "ಮನೆ ಮುಂದೆ ಯಾರಾದ್ರೂ ಎಕ್ಕ ಬೆಳೆಸ್ತಾರೇನ್ರೀ" ಅಂತ ಪಕ್ಕದ ಮನೆಯವರು ಕೇಳಿದ್ದಕ್ಕೆ ಬಿಳಿ ಎಕ್ಕ ತಂದೆ, ಗಣಪತಿಗೂ ಆಯಿತು. ಹಾಲು ಕಣ್ಣಿಗೆ ತಾಗಬಾರದು, ಚಿಕ್ಕ ಮಕ್ಕಳಿದ್ದರೆ ಜೋಪಾನ.

ಕೀಟನಾಶಕ ಪೂರ್ತಿ ಬಂದ್. ಬೇವಿನ ಎಣ್ಣೆಯೂ ಈ ಗಿಡಗಳಿಗಿಲ್ಲ. 'ಸಾವಯವ' ಅಂದ ಮಾತ್ರಕ್ಕೆ ಹುಳಕ್ಕೆ ಅದೇನು ಅಮೃತವೇ? ಗುಲಾಬಿಗೆ ಹೇನು ಹತ್ತಿದರೆ ಪೈಪ್ ನೀರು ಜೋರಾಗಿ ಬಿಟ್ಟು ತೊಳೆಯುತ್ತೇನೆ. ಉದುರಿದ ಎಲೆ ಮೂಲೆಯಲ್ಲೇ ಬಿದ್ದಿರುತ್ತದೆ, ಅಲ್ಲಿ ಹಾವುರಾಣಿ ಓಡಾಡುತ್ತದೆ. ಹಳೇ ಮಣ್ಣಿನ ತಟ್ಟೆಯಲ್ಲಿ ಮರಳು, ಚೂರು ಗೊಬ್ಬರ ಹಾಕಿ ಒದ್ದೆ ಮಾಡಿಡುತ್ತೇನೆ, ಬಿಸಿಲು ಹೊತ್ತಲ್ಲಿ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರೋಕೆ ಅದರ ಮೇಲೆ ಕೂರುತ್ತವೆ. ನೀರು ಮಾತ್ರ ನಿಲ್ಲಬಾರದು, ಸೊಳ್ಳೆ ಆಗುತ್ತೆ.

ಇನ್ನು ಗಿಡ ಸವರುವ ಮೊದಲು ಕೊಂಬೆ, ಗೋಡೆ, ಕುಂಡದ ಅಂಚು ಎಲ್ಲ ನೋಡಿಕೊಳ್ಳಿ. ಈ ಮಾರ್ಮನ್‌ನ ಕೋಶ ಹಸಿರು ಕಡ್ಡಿಯ ಮೇಲೆ ಹಸಿರು, ಒಣ ಕಡ್ಡಿಯ ಮೇಲೆ ಕಂದು, ಸೊಂಟಕ್ಕೆ ಒಂದು ರೇಷ್ಮೆ ಎಳೆ ಕಟ್ಟಿಕೊಂಡಿರುತ್ತದೆ. ಆ ಎಳೆ ಕಂಡರೆ ಕತ್ತರಿ ಪಕ್ಕಕ್ಕಿಟ್ಟು ಒಂದೆರಡು ವಾರ ಕಾಯಿರಿ.