ಟರ್ಮಿನಲ್‌ನಲ್ಲಿ ಸರಿ, ಸರ್ವಿಸ್‌ನಲ್ಲಿ ಮೈನಸ್ 38

ಕ್ರ್ಯಾಶ್ ಆದ ಪ್ರೋಗ್ರಾಂನ ಮೆಮೊರಿ ಉಳಿಸಿಟ್ಟ ಕೋರ್ ಫೈಲ್ ಓದೋಕೆ ಸಿ ಭಾಷೆಯಲ್ಲಿ ಒಂದು ಚಿಕ್ಕ ಟೂಲ್ ಬರೆದಿದ್ದೆ. ಬಿಲ್ಡ್ ಐಡಿ (ಪ್ರೋಗ್ರಾಂನ ಆ ಬಿಲ್ಡ್‌ನ ಗುರುತು) ಕೊಟ್ಟರೆ ಸರ್ವರ್‌ನಿಂದ ಡಿಬಗ್ ಮಾಹಿತಿ ತರುವ ಕೆಲಸ ಎಲ್ಫ್‌ಯುಟಿಲ್ಸ್ ಟೂಲ್‌ಗಳ ಜೊತೆ ಬರುವ ಲಿಬ್‌ಡಿಬಗ್‌ಇನ್ಫೋಡಿ ಲೈಬ್ರರಿಯದು. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿತು. ಲಿನಕ್ಸ್‌ನಲ್ಲಿ ಹಿನ್ನೆಲೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಕೆಳಗೆ ಅದನ್ನೇ ಸರ್ವಿಸ್ ಮಾಡಿದರೆ ಮಾತ್ರ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ಸಂಖ್ಯೆ) ಬದಲು ಮೈನಸ್ 38 ಬರುತ್ತಿತ್ತು.

38 ಅಂದರೆ ಲಿನಕ್ಸ್‌ನಲ್ಲಿ 'ಈ ಫಂಕ್ಷನ್ ಇಲ್ಲ' ಅನ್ನೋ ಎರರ್. ದಾರಿ ತಪ್ಪಿಸುವ ಸಂದೇಶ! ಲೈಬ್ರರಿ ಸರಿಯಾಗೇ ಇತ್ತು. ಸರ್ವರ್ ವಿಳಾಸವೇ ಸಿಕ್ಕದಿದ್ದರೂ ಅದು ಇದೇ ಕೋಡ್ ಕೊಡುತ್ತದೆ. ವಿಳಾಸ ಇರೋದು 'ಡಿಬಗ್‌ಇನ್ಫೋಡಿ ಯುಆರ್‌ಎಲ್ಸ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ. ಅದನ್ನು ಸೆಟ್ ಮಾಡೋದು ಲಾಗಿನ್ ಶೆಲ್‌ನ ಪ್ರೊಫೈಲ್ ಸ್ಕ್ರಿಪ್ಟ್. ಸಿಸ್ಟಮ್‌ಡಿ ಆ ಸ್ಕ್ರಿಪ್ಟ್ ಓದುವುದೇ ಇಲ್ಲ ಅಲ್ವಾ?

ಸರ್ವಿಸ್‌ನ ಸೆಟ್ಟಿಂಗ್ ಇರುವ ಯೂನಿಟ್ ಫೈಲ್‌ನಲ್ಲಿ ಎನ್ವಿರಾನ್‌ಮೆಂಟ್ ಸಾಲು ಸೇರಿಸಿ ವಿಳಾಸ ಕೊಟ್ಟೆ. ತಂದ ಫೈಲ್‌ಗಳನ್ನು ಇಡುವ ಕ್ಯಾಶ್ ಫೋಲ್ಡರ್‌ನ ಜಾಗವನ್ನೂ ಅಲ್ಲೇ ಹೇಳಿದೆ, ಯಾಕೆಂದರೆ ಸರ್ವಿಸ್‌ಗೆ ಹೋಮ್ ಫೋಲ್ಡರ್ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಡೀಮನ್ ರೀಲೋಡ್, ರೀಸ್ಟಾರ್ಟ್, ಅಷ್ಟೇ.

ಇನ್ನೊಂದು ವಿಷಯ. ಒಮ್ಮೆ 'ಸಿಗಲಿಲ್ಲ' ಎಂದ ಬಿಲ್ಡ್ ಐಡಿಯನ್ನು ಲೈಬ್ರರಿ 600 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಸರ್ವರ್‌ಗೆ ಫೈಲ್ ಹಾಕಿದ ತಕ್ಷಣ ಬರಲಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆ ಐಡಿಯ ಕ್ಯಾಶ್ ಫೋಲ್ಡರ್ ಅಳಿಸಿ ಮತ್ತೆ ಕೇಳಿ.